ಗೋಡೆಗೆ ತಾಗುವ ಕತ್ತಿಯಿಂದ ಶುರುಮಾಡಿ

ನಮಸ್ಕಾರ.

ಜಪಾನಿನ ಚಿತ್ರಕಥೆ, ಅಂದರೆ ಮಾಂಗಾ, 'ಬರ್ಸರ್ಕ್' ಆಧರಿಸಿ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಎಂಬ ಗೇಮ್ ಕನ್ಸೋಲ್‌ಗೆ ಬಂದ ಗೇಮ್ ಬಗ್ಗೆ ನೀವು ಕಳಿಸಿದ 'ರಕ್ತಪಿಪಾಸು ಖಡ್ಗದ ಮಹಾಗಾಥೆ' ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಪತ್ರದ ಕೊನೆವರೆಗೂ ನಿಮ್ಮನ್ನು ಕಾಯಿಸುವುದು ಬೇಡ ಅಂತ ಮೊದಲೇ ಹೇಳುತ್ತಿದ್ದೇನೆ. ಆದರೆ ಆರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದನ್ನು ಓದಿದ ಮೇಲೆ ಸುಮ್ನೆ ಒಂದು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸು ಬರಲಿಲ್ಲ.

ಆ ಪ್ಯಾರಾದಲ್ಲಿ ಕಥೆಯ ನಾಯಕ ಗಟ್ಸ್ ಒಂದು ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಎದುರಿಗೆ ಇಬ್ಬರು. ನೀವು ಬಟನ್ ಒತ್ತುತ್ತೀರಿ. ಆಳೆತ್ತರದ ಕತ್ತಿ ಅರ್ಧ ಸುತ್ತು ಬರುವಷ್ಟರಲ್ಲಿ ಗೋಡೆಗೆ ಬಡಿದು ಠಣ್ ಅಂತ ಹಿಂದೆ ಬರುತ್ತದೆ. ಅಷ್ಟರಲ್ಲಿ ಎದುರಿನವನು ಹೊಡೆದಾಗಿದೆ. 'ಈ ಕತ್ತಿ ಗಟ್ಸ್‌ಗೂ ಭಾರ ಅಂತ ಆಗ ಗೊತ್ತಾಯಿತು' ಅಂತ ಬರೆದಿದ್ದೀರಿ. ಇಡೀ ಲೇಖನದಲ್ಲಿ ನೀವು ಆಡುತ್ತಾ ಇರುವುದು ನನಗೆ ಕಂಡದ್ದು ಅಲ್ಲಿ ಮಾತ್ರ. ಮಿಕ್ಕ ಪುಟಗಳಲ್ಲಿ ನಿಮ್ಮ ಕೈಯಲ್ಲಿ ಕಂಟ್ರೋಲರ್ ಇಲ್ಲ, ಮಾಂಗಾ ಪುಸ್ತಕ ಇದೆ.

ಲೇಖನದ ಮುಖ್ಯ ತೊಂದರೆ ಅದೇ. ಮೊದಲ ಐದು ಪುಟ ಗಟ್ಸ್ ಹುಟ್ಟಿದ್ದು, ಗ್ರಿಫಿತ್ ಜೊತೆಗಿನ ಸ್ನೇಹ, ದ್ರೋಹ, ಹೋದ ಕೈ, ಹೋದ ಕಣ್ಣು. ಇದನ್ನೆಲ್ಲ ಬರೆಯುವಾಗ ನಿಮಗಿರುವ ಪ್ರೀತಿ ಕಾಣುತ್ತದೆ. ಆದರೆ ಕೆಂಟಾರೊ ಮಿಯುರಾ 1989ರಿಂದ ಪತ್ರಿಕೆಯಲ್ಲಿ ಬಿಡಿಸುತ್ತಾ ಬಂದ ಕಥೆಯನ್ನು ನೀವು ಐದು ಪುಟಕ್ಕೆ ಇಳಿಸಿದರೆ ಅದು ಸಾರಾಂಶ ಆಗುತ್ತದೆ, ಅಷ್ಟೇ. ಮಾಂಗಾ ಓದಿದವರಿಗೆ ಅದರಲ್ಲಿ ಹೊಸದೇನೂ ಇಲ್ಲ. ಓದದವರಿಗೆ ಹೆಸರುಗಳ ಸಂತೆ. ಗೇಮ್ ಅರ್ಥವಾಗಲು ಬೇಕಾದದ್ದು ಸ್ವಲ್ಪವೇ. ಇವನಿಗೆ ಒಂದು ಕಣ್ಣಿಲ್ಲ, ಎಡಗೈ ಜಾಗದಲ್ಲಿ ತೋಪು ಅಡಗಿಸಿದ ಕಬ್ಬಿಣದ ಕೈ ಇದೆ, ಜೊತೆಗೆ ಮನಸ್ಸಿನ ಸ್ಥಿಮಿತ ಕಳೆದುಕೊಂಡ ಪ್ರೇಯಸಿ ಕಾಸ್ಕಾ ಇದ್ದಾಳೆ, ಅವಳನ್ನು ಸರಿ ಮಾಡಬೇಕೆಂಬ ಆಸೆ ಇವನಿಗಿದೆ. ನಾಲ್ಕು ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದು.

ಕಾಸ್ಕಾ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಅವಳ ಮೇಲೆ ನಡೆದ ಅತ್ಯಾಚಾರವನ್ನು ನೀವು ಮುಕ್ಕಾಲು ಪುಟ ವರ್ಣಿಸಿದ್ದೀರಿ. ಈ ಗೇಮ್‌ನಲ್ಲಿ ಆ ದೃಶ್ಯ ಇಲ್ಲ. ಅದರ ಪರಿಣಾಮ ಇದೆ, ಮಾತಿಲ್ಲದೆ ಅಲೆಯುವ ಒಬ್ಬ ಹೆಣ್ಣುಮಗಳಾಗಿ ಇದೆ. ಕಥೆ ಎಷ್ಟು ಕರಾಳ ಎಂದು ತೋರಿಸಲು ಅವಳ ನೋವನ್ನು ಮಸಾಲೆಯ ಹಾಗೆ ಬಳಸಬೇಡಿ. ಆ ಮುಕ್ಕಾಲು ಪುಟವನ್ನು ತೆಗೆದುಹಾಕಿ. ಈ ಒಂದು ವಿಷಯದಲ್ಲಿ ನಾನು ಚರ್ಚೆಗೆ ಸಿದ್ಧನಿಲ್ಲ.

ಇನ್ನು ತಪ್ಪುಗಳು. ಮಾಂಗಾದ ಕಥೆಯನ್ನೇ ಗೇಮ್ ಮಾಡಿದ್ದಾರೆ ಅಂತ ಎರಡು ಕಡೆ ಬರೆದಿದ್ದೀರಿ. ಹಾಗಲ್ಲ. ಇದು ಮಿಯುರಾ ಅವರ ಉಸ್ತುವಾರಿಯಲ್ಲಿ ಹೊಸದಾಗಿ ಹೆಣೆದ ಕಥೆ. ಮಾಂಗಾದ 22 ಮತ್ತು 23ನೇ ಸಂಪುಟಗಳ ನಡುವೆ ನಡೆಯುತ್ತದೆ. ಜಪಾನಿನಲ್ಲಿ ಬಂದದ್ದು 1999ರ ಡಿಸೆಂಬರ್ 16ಕ್ಕೆ. ನೀವು ಕೊಟ್ಟಿರುವ 2000 ಅಮೆರಿಕಕ್ಕೆ ಬಂದ ವರ್ಷ. ಅಲ್ಲಿ ಐಡೋಸ್ ಕಂಪನಿ ಅದನ್ನು 'ಸ್ವೋರ್ಡ್ ಆಫ್ ದಿ ಬರ್ಸರ್ಕ್: ಗಟ್ಸ್ ರೇಜ್' ಎಂಬ ಹೆಸರಲ್ಲಿ ತಂದಿತು. ಎರಡು ವರ್ಷಗಳನ್ನೂ ಬಿಡಿಸಿ ಬರೆಯಿರಿ. ಏಳನೇ ಪುಟದಲ್ಲಿ ನೀವು ವರ್ಣಿಸಿರುವ ಕೊನೆಯ ಕಾಳಗ ಈ ಗೇಮ್‌ನದ್ದೇ ಅಲ್ಲ. ಅದು 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಇನ್ನೊಂದು ಬರ್ಸರ್ಕ್ ಗೇಮ್‌ನದ್ದು. ಎರಡನ್ನೂ ಮಾಡಿದ್ದು ಯೂಕ್ಸ್ ಕಂಪನಿಯೇ, ಆದ್ದರಿಂದ ವಿಡಿಯೋ ನೋಡುವಾಗ ಕಲೆಸಿಹೋಗಿರಬಹುದು. ಆದರೆ ಓದುಗರು ಇಂಥದ್ದನ್ನು ಒಂದು ಸಲ ಹಿಡಿದರೆ ಮುಂದಿನ ಸಾಲುಗಳನ್ನು ನಂಬುವುದಿಲ್ಲ.

'ಈ ಗೇಮ್ ಇಲ್ಲದಿದ್ದರೆ ಡಾರ್ಕ್ ಸೋಲ್ಸ್ ಹುಟ್ಟುತ್ತಲೇ ಇರಲಿಲ್ಲ' ಎಂಬ ಸಾಲನ್ನೂ ಬಿಡಿ. ಡಾರ್ಕ್ ಸೋಲ್ಸ್ ಎಂಬ ಗೇಮ್ ಮಾಡಿದ ಹಿಡೆಟಾಕಾ ಮಿಯಾಜಾಕಿ ಬರ್ಸರ್ಕ್ ಪ್ರಭಾವವನ್ನು ಒಪ್ಪಿಕೊಂಡಿದ್ದಾರೆ, ನಿಜ. ಆದರೆ ಅದು ಮಾಂಗಾದ ಪ್ರಭಾವ. ನಿಮಗೆ ಇಷ್ಟವಾದ ಗೇಮ್ ದೊಡ್ಡದು ಅಂತ ತೋರಿಸಲು ಅದಕ್ಕೆ ಮಕ್ಕಳು ಮೊಮ್ಮಕ್ಕಳನ್ನು ಹುಡುಕಬೇಕಾಗಿಲ್ಲ.

ಇದರ ಬದಲು, ನಿಮ್ಮ ಆರನೇ ಪುಟ ಎಲ್ಲಿಗೆ ಹೋಗಬಹುದಿತ್ತು ಅಂತ ಯೋಚಿಸಿ. ಮಿಯುರಾ ಪುಟದಲ್ಲಿ ಆ ಕತ್ತಿಗೆ ಗೋಡೆಯೇ ಅಡ್ಡ ಬರುವುದಿಲ್ಲ. ಎರಡು ಪುಟ ಹರಡಿಕೊಂಡ ಚಿತ್ರ, ದಟ್ಟವಾದ ಗೀರುಗಳು, ಕತ್ತಿ ಬೀಸಿ ಆಗಿದೆ, ಎದುರಿಗಿದ್ದವರು ಎರಡು ತುಂಡಾಗಿದ್ದಾರೆ. ಅದು ಎಷ್ಟು ಭಾರ ಅನ್ನುವುದನ್ನು ಓದುವವರು ಕಣ್ಣಿನಿಂದ ಊಹಿಸಿಕೊಳ್ಳಬೇಕು. ಗೇಮ್ ಮಾಡುವವರು ಈ ಕತ್ತಿಯನ್ನು ಗಾಳಿಯ ಹಾಗೆ ಬೀಸಲು ಬಿಡಬಹುದಿತ್ತು. ಆಗ ಆಡುವುದು ಸಲೀಸು. ಯೂಕ್ಸ್‌ನವರು ಹಾಗೆ ಮಾಡಲಿಲ್ಲ. ಬಯಲಲ್ಲಿ ನಿಂತರೆ ಒಂದೇ ಬೀಸಿಗೆ ಮೂವರು ಬೀಳುತ್ತಾರೆ. ಓಣಿಗೆ ಬಂದರೆ ಅದೇ ಕತ್ತಿ ನಿಮಗೇ ಶತ್ರು. ಅದನ್ನು ಬೆನ್ನಿಗೇರಿಸಿ ಬರಿಗೈಯಲ್ಲಿ ಗುದ್ದಬೇಕು, ಇಲ್ಲವೇ ಚೂರಿ ಎಸೆಯಬೇಕು, ಬಿಲ್ಲು ಬಳಸಬೇಕು, ತೋಪು ಹಾರಿಸಬೇಕು. ಗಟ್ಸ್ ಹತ್ತಿರ ಇಷ್ಟೊಂದು ಆಯುಧ ಯಾಕೆ ಅಂತ ಮಾಂಗಾ ಓದುವಾಗ ನಾವು ಕೇಳಿಕೊಳ್ಳುವುದೇ ಇಲ್ಲ. ಇಲ್ಲಿ ಹೆಬ್ಬೆರಳಿಗೆ ಉತ್ತರ ಸಿಗುತ್ತದೆ. ಚಿತ್ರಕಥೆಯೊಂದು ಗೇಮ್ ಆದಾಗ ಏನು ಹೊಸದಾಗಿ ಸಿಕ್ಕಿತು ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ಇಷ್ಟು ಗಟ್ಟಿಯಾದ ಉತ್ತರ ಇದೆ. ಅದನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ ಮತ್ತೆ ಗ್ರಿಫಿತ್ ಕಡೆ ಓಡಿದ್ದೀರಿ.

ಯೂಕ್ಸ್ ಅಲ್ಲಿಯವರೆಗೆ ಜಾಸ್ತಿ ಹೆಸರು ಮಾಡಿದ್ದು ಕುಸ್ತಿ ಗೇಮ್‌ಗಳಲ್ಲಿ. ನ್ಯೂ ಜಪಾನ್ ಪ್ರೊ ರೆಸ್ಲಿಂಗ್‌ನ ಗೇಮ್‌ಗಳನ್ನು ಮಾಡುತ್ತಿದ್ದವರು ಅವರು. ಒಂದು ಮೈ ಇನ್ನೊಂದು ಮೈಗೆ ಡಿಕ್ಕಿ ಹೊಡೆದರೆ ಹೇಗಿರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಈ ಗೇಮ್‌ನ ಭಾರಕ್ಕೂ ಆ ಅನುಭವಕ್ಕೂ ಸಂಬಂಧ ಇದೆ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ ಮಾತ್ರ. ನೀವು ಆಡಿ ನೋಡಿ, ಹೌದಾ ಅಲ್ವಾ ಅಂತ ನಿಮ್ಮ ಮಾತಲ್ಲೇ ಬರೆಯಿರಿ.

ನೀವು ಮುಟ್ಟದೇ ಬಿಟ್ಟ ಇನ್ನೊಂದು ವಿಷಯ ಇದೆ. ಈ ಕಥೆಯಲ್ಲಿ ಮಂಡ್ರಗೋರಾ ಎಂಬ ಗಿಡದಿಂದ ಜನರಿಗೆ ರೋಗ ತಗುಲುತ್ತದೆ, ಬುದ್ಧಿ ಕೆಡುತ್ತದೆ, ಅವರು ಮೇಲೆ ಬೀಳುತ್ತಾರೆ. ಬಾಲ್ಜಾಕ್ ಎಂಬ ದೊರೆ ಗಟ್ಸ್‌ಗೆ ಆ ಗಿಡದ ತಿರುಳನ್ನು ತಂದುಕೊಡಲು ಹೇಳುತ್ತಾನೆ. ಅದರಿಂದ ಕಾಸ್ಕಾ ವಾಸಿಯಾಗಬಹುದು ಎಂಬ ಆಸೆಗೆ ಗಟ್ಸ್ ಹೊರಡುತ್ತಾನೆ. ಅಂದರೆ ನೀವು ಕಡಿಯುತ್ತಾ ಹೋಗುವವರಲ್ಲಿ ಎಷ್ಟೋ ಜನ ಸೈನಿಕರಲ್ಲ, ದೆವ್ವಗಳೂ ಅಲ್ಲ. ಕಾಯಿಲೆ ಬಿದ್ದ ಹಳ್ಳಿಯವರು. ತನ್ನವಳ ಬುದ್ಧಿ ಮರಳಲಿ ಅಂತ ಬುದ್ಧಿ ಕಳೆದುಕೊಂಡ ಇನ್ಯಾರನ್ನೋ ಕೊಲ್ಲುವುದು. ನಿಮ್ಮ ಲೇಖನ ಅವರನ್ನು 'ರಾಕ್ಷಸರ ದಂಡು' ಅಂತ ಕರೆದು ದಾಟಿಹೋಗುತ್ತದೆ. ಆಡುವಾಗ ನಿಮಗೆ ಏನು ಅನ್ನಿಸಿತು? ಹೊಟ್ಟೆಯಲ್ಲಿ ಸಂಕಟ ಆಯಿತಾ, ಇಲ್ಲ ಹೊಡೆದು ಹೊಡೆದು ಅಭ್ಯಾಸವಾಗಿ ಮರೆತೇಹೋಯಿತಾ? ಎರಡರಲ್ಲಿ ಯಾವುದಾದರೂ ಸರಿ, ನಿಮ್ಮ ಮನಸ್ಸಿನಲ್ಲಿ ಉಳಿದದ್ದನ್ನು ಬರೆಯಿರಿ.

ಗೇಮ್‌ನ ಕುಂದುಗಳನ್ನೂ ಮುಚ್ಚಿಡಬೇಡಿ. ಇಲ್ಲಿ ಆಡುವುದಕ್ಕಿಂತ ನೋಡುವುದು ಜಾಸ್ತಿ. ಒಂದು ಕಾಳಗ ಮುಗಿಯಿತು ಅನ್ನುವಷ್ಟರಲ್ಲಿ ಉದ್ದನೆಯ ಕಟ್‌ಸೀನ್, ಅಂದರೆ ಸಿನಿಮಾದಂಥ ದೃಶ್ಯ, ಶುರುವಾಗುತ್ತದೆ. ಕ್ಯಾಮೆರಾ ಬೇಡದ ಕಡೆ ತಿರುಗುತ್ತದೆ. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಆಟ ಮುಗಿದುಹೋಗುತ್ತದೆ. ನೀವು ಇದನ್ನೆಲ್ಲ 'ಸಣ್ಣಪುಟ್ಟ ನ್ಯೂನತೆಗಳು' ಅಂತ ಒಂದೇ ಸಾಲಿನಲ್ಲಿ ಸುತ್ತಿಟ್ಟಿದ್ದೀರಿ. ಸಣ್ಣಪುಟ್ಟದ್ದಲ್ಲ. ಆದರೆ ಆ ಕಾಲದ ಪಕ್ಕದಲ್ಲಿಟ್ಟು ನೋಡಿದರೆ ಅರ್ಥವಾಗುತ್ತದೆ. ಕಟ್‌ಸೀನ್ ಓಡುತ್ತಿರುವಾಗಲೇ ಪರದೆ ಮೇಲೆ ಮೂಡುವ ಬಟನ್ನನ್ನು ಸಮಯಕ್ಕೆ ಒತ್ತಬೇಕು ಅನ್ನುವ ಏರ್ಪಾಡು ಇದರಲ್ಲಿದೆ. ಅದೇ ಡಿಸೆಂಬರ್ ಕೊನೆಗೆ, ಅದೇ ಡ್ರೀಮ್‌ಕಾಸ್ಟ್‌ಗೆ ಶೆನ್ಮೂ ಎಂಬ ಗೇಮ್ ಬಂತು, ಅದರಲ್ಲೂ ಇದೇ ಏರ್ಪಾಡು. ಗೇಮ್‌ಗಳು ಸಿನಿಮಾದ ಹತ್ತಿರ ಹೋಗಲು ಒದ್ದಾಡುತ್ತಿದ್ದ ವರ್ಷ ಅದು. ಸೆಗಾ ಕಂಪನಿ 2001ರ ಮಾರ್ಚ್‌ನಲ್ಲಿ ಡ್ರೀಮ್‌ಕಾಸ್ಟ್ ತಯಾರಿಕೆಯನ್ನೇ ನಿಲ್ಲಿಸಿತು. ಇಷ್ಟನ್ನು ಒಂದು ಪ್ಯಾರಾದಲ್ಲಿ ಹೇಳಿದರೆ ಸಾಕು, ಕನ್ಸೋಲ್ ಚರಿತ್ರೆ ಬೇಡ.

ಸಂಗೀತದ ಬಗ್ಗೆ ಒಂದು ಮಾತೂ ಇಲ್ಲ, ಅದು ಬೇಸರವಾಯಿತು. ಬರ್ಸರ್ಕ್‌ನ 1997ರ 25 ಕಂತುಗಳ ಟಿವಿ ಅನಿಮೆಗೆ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿಗೆ, ಸಂಗೀತ ಕೊಟ್ಟ ಸುಸುಮು ಹಿರಸಾವಾ ಅವರೇ ಇದಕ್ಕೂ ಕೊಟ್ಟಿದ್ದಾರೆ. 'ಇಂದ್ರ' ಅಂತ ಒಂದು ಹಾಡು ಕೂಡ ಇದೆ. ಒಂದು ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ಬರೆಯಬೇಕೋ ಬೇಡವೋ ನಿರ್ಧರಿಸಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದು ಸಾಲು ತೋರಿಸುತ್ತೇನೆ. 'ಘೋರಾಂಧಕಾರದ ಗರ್ಭದಿಂದ ಉದ್ಭವಿಸಿದ ಈ ಏಕಾಂಗಿ ಯೋಧನ ರುಧಿರಾಭಿಷಿಕ್ತ ಪಯಣ' ಅಂತ ಶುರು ಮಾಡಿದ್ದೀರಿ. ಆರನೇ ಪುಟದಲ್ಲಿ ಬರೆದದ್ದು 'ಕತ್ತಿ ಗೋಡೆಗೆ ಬಡಿಯಿತು, ನನ್ನ ಕೈ ಜುಮ್ ಅಂತು' ಅಂತ. ಎರಡನ್ನೂ ಜೋರಾಗಿ ಓದಿ ನೋಡಿ. ಎರಡನೆಯದನ್ನು ಬರೆದವರು ಮೊದಲನೆಯದನ್ನು ಯಾಕೆ ಬರೆದರು ಅಂತ ನನಗೆ ಆಶ್ಚರ್ಯ.

2021ರ ಮೇ 6ರಂದು ಮಿಯುರಾ ತೀರಿಕೊಂಡಿದ್ದನ್ನು ಕೊನೆಯ ಪುಟದಲ್ಲಿ ಬರೆದಿದ್ದೀರಿ. 54 ವರ್ಷಕ್ಕೇ ಹೋದ ಒಬ್ಬ ಕಲಾವಿದನ ಬಗ್ಗೆ ನಿಮಗಿರುವ ಗೌರವ ಆ ಪುಟದಲ್ಲಿ ನಿಜವಾಗಿದೆ. ಆದರೆ ಅದು ಬೇರೆ ಲೇಖನ. ಮಾಂಗಾ ಬಗ್ಗೆ ಪ್ರತ್ಯೇಕವಾಗಿ ಬರೆಯುವ ಆಸೆ ಇದ್ದರೆ ಆಮೇಲೆ ಮಾತಾಡೋಣ.

ಸದ್ಯಕ್ಕೆ ಹೀಗೆ ಮಾಡಿ. ಮೊದಲ ಐದು ಪುಟ, ಕೊನೆಯ ಪುಟ ಪಕ್ಕಕ್ಕಿಡಿ. ಗೇಮ್ ಇನ್ನೊಂದು ಸಲ ಆಡಿ. ಆಡುವಾಗ ಪಕ್ಕದಲ್ಲಿ ನೋಟ್‌ಬುಕ್ ಇರಲಿ, ಕೈ ಎಲ್ಲೆಲ್ಲಿ ತಡವರಿಸಿತು ಅಂತ ಆಗಿಂದಾಗಲೇ ಗೀಚಿಕೊಳ್ಳಿ. ಓಣಿಯ ಕಾಳಗದಿಂದ ಲೇಖನ ಶುರುಮಾಡಿ. 1,200 ಪದ ಮೀರುವುದು ಬೇಡ. ಕೊನೆಯ ಕಾಳಗದ ಪ್ಯಾರಾವನ್ನು ಪರದೆ ನೋಡಿಕೊಂಡೇ ಬರೆಯಿರಿ. ಶೀರ್ಷಿಕೆಯ ಚಿಂತೆ ಬೇಡ, ಅದನ್ನು ಇಬ್ಬರೂ ಸೇರಿ ಹುಡುಕೋಣ. ಬರೆದಾದ ಮೇಲೆ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.