ಕ್ರೈಸ್ತ ನಂಬಿಕೆ ಒಬ್ಬರ ಲೋಕದೃಷ್ಟಿಯನ್ನು ಹೇಗೆ ರೂಪಿಸುತ್ತದೆ?

ಭೂಮಿಯನ್ನು ನಮ್ಮ ಸ್ವತ್ತೆಂದು ಎಣಿಸದೆ, ದೇವರು ನಮ್ಮ ವಶಕ್ಕೆ ಒಪ್ಪಿಸಿದ ಜವಾಬ್ದಾರಿಯೆಂದು ಕಾಣುವುದರಿಂದಲೇ ಈ ದೃಷ್ಟಿ ಆರಂಭವಾಗುತ್ತದೆ ಎಂಬುದು ಚಿತ್ರದುರ್ಗ ಜಿಲ್ಲೆಯ ಕ್ರೈಸ್ತ ಕುಟುಂಬದಲ್ಲಿ ಬೆಳೆದ ನನ್ನ ತಿಳುವಳಿಕೆ. ಚಳ್ಳಕೆರೆ ಕಡೆಯ ಹೊಲಗಳಲ್ಲಿ ಶೇಂಗಾ ಕಿತ್ತ ಮೇಲೆ, ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಹೆಂಗಸರು ಕುಕ್ಕರಗಾಲಲ್ಲಿ ಕುಳಿತು ಕೆದಕಿ ಮಡಿಲಿಗೆ ತುಂಬಿಕೊಳ್ಳುತ್ತಾರೆ, ಅದು ಹಕ್ಕಲಾಯುವುದು. ಬೈಬಲ್ಲಿನ ಯಾಜಕಕಾಂಡದ 19ನೇ ಅಧ್ಯಾಯವು ಹೊಲದ ಅಂಚಿನ ಪೈರನ್ನೂ ಹಕ್ಕಲನ್ನೂ ಬಡವರಿಗೆ, ಪರದೇಶಿಗಳಿಗೆ ಬಿಡಬೇಕೆಂದು ವಿಧಿಸುತ್ತದೆ. ಬೈಬಲ್ಲಿನ ಕಥೆಯಲ್ಲಿ ಮೋವಾಬ್ ಎಂಬ ಪರದೇಶದಿಂದ ಬಂದ ವಿಧವೆ ರೂತಳು ಹೀಗೆ ಹಕ್ಕಲಾಯ್ದೇ ತನ್ನ ಅತ್ತೆಯನ್ನು ಸಾಕಿದಳು. ಇದನ್ನು ಓದುತ್ತ ಬೆಳೆದವರ ಕಣ್ಣಿಗೆ ಹೊಲದಲ್ಲಿ ಬಾಗಿರುವ ಆ ಹೆಂಗಸು ದಯೆಗೆ ಕೈಚಾಚಿದವಳಲ್ಲ, ತನಗೆ ಸಲ್ಲಬೇಕಾದುದನ್ನು ಪಡೆಯುತ್ತಿರುವವಳು.

ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನೆಂಬ, ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಮಾತು ಇದಕ್ಕೆ ಬುನಾದಿ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಇನ್ನೂ ಮುಂದೆ ಹೋಗಿ, ಹಸಿದವರಿಗೆ ಮಾಡಿದ್ದನ್ನು ತನಗೇ ಮಾಡಿದ್ದೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಪಾಪ ಮತ್ತು ಕ್ಷಮೆಯ ಬೋಧನೆಯು ಇತರರ ತಪ್ಪಿಗೆ ಮೊದಲು ತನ್ನ ತಪ್ಪನ್ನು ನೋಡಲು ಕಲಿಸುತ್ತದೆ. ಇಷ್ಟಾಗಿಯೂ ಮದುವೆಯ ಮಾತು ಬಂದಾಗ ಜಾತಿ ಕೇಳುವ ಕ್ರೈಸ್ತರು ನಮ್ಮಲ್ಲಿ ಇದ್ದಾರೆ. ಅಲ್ಲಿ ಕೆಲಸ ಮಾಡುತ್ತಿರುವುದು ಈ ನಂಬಿಕೆಯಲ್ಲ, ನಂಬಿಕೆಗೂ ಹಿಂದಿನ ರೂಢಿ.