ಯೂವಿಯೈಟಿಸ್‌ಗೆ (ಕಣ್ಣಿನೊಳಗಿನ ಉರಿಯೂತ) ಓಸಿಟಿ ಸ್ಕ್ಯಾನ್ ಆದ ಮೇಲೂ ಬಣ್ಣದ ಇಂಜೆಕ್ಷನ್ ಕೊಟ್ಟು ಕಣ್ಣಿನ ಫೋಟೋ ತೆಗೆಯುವುದೇಕೆ?

ರಕ್ತನಾಳ ಎಲ್ಲಿ ಸೋರುತ್ತಿದೆ ಎಂದು ನೋಡಲು. ಬೆಳಕಿನಿಂದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ರೆಟಿನಾದ (ಕಣ್ಣಿನ ಹಿಂಬದಿಯ ಪರದೆ) ಊತವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ನಾಳದ ಸೋರಿಕೆಯನ್ನು ನೇರವಾಗಿ ತೋರಿಸದು. ರಕ್ತಕಣಗಳ ಚಲನೆಯಿಂದ ನಾಳದ ನಕ್ಷೆ ಕೊಡುವ ಓಸಿಟಿ ಆಂಜಿಯೋಗ್ರಫಿಯಲ್ಲೂ ಅದು ಕಾಣದು.

ಆರೋಗ್ಯವಾಗಿರುವ ರೆಟಿನಾದಲ್ಲಿ ನಾಳದ ಒಳಪದರದ ಕೋಶಗಳು ಒತ್ತೊತ್ತಾಗಿ ಬೆಸೆದಿರುತ್ತವೆ. ಹಾಗಾಗಿ ಇಂಜೆಕ್ಷನ್‌ನಲ್ಲಿ ಕೊಡುವ ಫ್ಲೋರೆಸೀನ್ ಎಂಬ ಬಣ್ಣ ನಾಳದಿಂದ ಆಚೆ ಬರುವುದಿಲ್ಲ. ಉರಿಯೂತವಾದಾಗ ಆ ಬೆಸುಗೆ ಸಡಿಲವಾಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 500 ಮಿಲಿಗ್ರಾಂ ಬಣ್ಣವನ್ನು ಕೈನರಕ್ಕೆ ಕೊಡುತ್ತಾರೆ. ಸುಮಾರು 10–15 ಸೆಕೆಂಡಿಗೆ ಅದು ಕಣ್ಣು ತಲುಪುತ್ತದೆ. ಮೊದಲ ಚಿತ್ರಗಳಲ್ಲಿ ರಕ್ತ ಹರಿಯದ ಜಾಗ ಕಪ್ಪಗೆ ಕಾಣುತ್ತದೆ. ಸೋರಿಕೆ ಸ್ಪಷ್ಟವಾಗುವುದು 5–10 ನಿಮಿಷದ ಚಿತ್ರಗಳಲ್ಲಿ: ನಾಳದ ಅಂಚು ಮಸುಕಾಗಿ ಹರಡಿ ಹೊಳೆಯುತ್ತದೆ. ಬೇಗ ಮುಗಿಸಿದರೆ, ಅಥವಾ ರೆಟಿನಾದ ಅಂಚಿನ ಭಾಗ ಬಿಟ್ಟರೆ, ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ಅಲರ್ಜಿ, ಆಸ್ತಮಾ, ಗರ್ಭಧಾರಣೆ ಇದ್ದರೆ ಮೊದಲೇ ಹೇಳಿ. ಸ್ವಲ್ಪ ಹೊತ್ತು ವಾಕರಿಕೆ ಬರಬಹುದು. ಸೂಜಿಯ ಜಾಗ ಉರಿದರೆ ಬಣ್ಣ ನರದಿಂದ ಆಚೆ ಹೋಗಿರಬಹುದು, ತಕ್ಷಣ ತಿಳಿಸಿ. ಒಂದೆರಡು ದಿನ ಮೂತ್ರ ಗಾಢ ಹಳದಿಯಾಗುತ್ತದೆ, ಗಾಬರಿ ಬೇಡ. ಪಾಪೆ ಹಿಗ್ಗಿಸುವ ಹನಿಯಿಂದ ಕೆಲವು ಗಂಟೆ ದೃಷ್ಟಿ ಮಂಜು, ಹಾಗಾಗಿ ಹಾಸನದಲ್ಲಿ ಪರೀಕ್ಷೆ ಮಾಡಿಸಿಕೊಂಡು ಚಿಕ್ಕಮಗಳೂರಿಗೆ ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ.