ಮೂಡಿಗೆರೆ ಕಡೆ ನಮ್ಮ ತೋಟದಲ್ಲೊಂದು ಹಳ್ಳ ಇದೆ. ಅದರಿಂದ ಮನೆಗೆ ಕರೆಂಟ್ ಮಾಡಿಕೊಳ್ಳಬಹುದೇ?

ಖಂಡಿತ ಮಾಡಿಕೊಳ್ಳಬಹುದು. ಮಲೆನಾಡಿನ ಎಷ್ಟೋ ಒಂಟಿ ಮನೆಗಳಲ್ಲಿ ಸಣ್ಣ ಟರ್ಬೈನ್‌ಗಳು ಮಳೆಗಾಲದಲ್ಲಿ ದೀಪ ಉರಿಸುತ್ತವೆ. ಆದರೆ ಹಳ್ಳದಲ್ಲಿ ನೀರು ಜಾಸ್ತಿ ಇದ್ದರಷ್ಟೇ ಸಾಲದು, ಅದು ಎತ್ತರದಿಂದ ಇಳಿಯಬೇಕು.

ಮೇಲಿರುವ ನೀರು ಕೆಳಗಿಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ಟರ್ಬೈನ್ ತಿರುಗಿಸಿ ಕರೆಂಟ್ ಆಗುತ್ತದೆ. ಹಾಗಾಗಿ ಸೆಕೆಂಡಿಗೆ ಹರಿಯುವ ಲೀಟರ್ ಮತ್ತು ಇಳಿಯುವ ಮೀಟರ್ ಎರಡನ್ನೂ ಗುಣಿಸಿ, ಅದನ್ನು 10ರಿಂದ ಗುಣಿಸಿ. ಹೆಚ್ಚುಕಡಿಮೆ ಅಷ್ಟು ವಾಟ್. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಇಳಿದರೆ ಲೆಕ್ಕದಲ್ಲಿ 2000 ವಾಟ್. ಪೈಪಿನ ತಿಕ್ಕಾಟ, ಟರ್ಬೈನ್, ಜನರೇಟರ್ ಎಲ್ಲ ಸೇರಿ ಅರ್ಧ ಕಳೆದರೂ 1000 ವಾಟ್ ಉಳಿಯುತ್ತದೆ. ದೀಪ, ಟಿವಿ, ಮಿಕ್ಸಿಗೆ ಸಾಕು. ಗೀಸರ್‌ಗೆ ಸಾಲದು.

ಎತ್ತರ ಅಂದರೆ ನೇರ ಎತ್ತರ, ಪೈಪಿನ ಉದ್ದ ಅಲ್ಲ. 100 ಮೀಟರ್ ಪೈಪ್ ಎಳೆದೂ ನೀರು 3 ಮೀಟರ್ ಮಾತ್ರ ಇಳಿದರೆ ಸುಮ್ನೆ ದುಡ್ಡು ದಂಡ. ಪೈಪ್ ಸಪೂರ ಇದ್ದರೂ ಒತ್ತಡ ದಾರಿಯಲ್ಲೇ ಹೋಗುತ್ತದೆ.

ಆಷಾಢದ ಹಳ್ಳ ನೋಡಿ ಟರ್ಬೈನ್ ಕೊಳ್ಳಬೇಡಿ. ಡಿಸೆಂಬರ್‌ನಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ನೀರನ್ನು ಬಕೆಟ್‌ಗೆ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ನೋಡಿ. ಬೇಸಿಗೆಗೆ ಹಳ್ಳ ಸೊರಗಿದರೆ ಜೊತೆಗೆ ಸೋಲಾರ್ ಇಟ್ಟುಕೊಳ್ಳಿ. ನೀರಿಲ್ಲದ ಕಾಲದಲ್ಲಿ ಬಿಸಿಲಂತೂ ಇರುತ್ತದೆ, ಅಲ್ವಾ? ಟರ್ಬೈನ್ ದಾಟಿದ ನೀರನ್ನು ಮರಳಿ ಹಳ್ಳಕ್ಕೇ ಬಿಡಿ, ಕೆಳಗಿನ ಗದ್ದೆಯವರಿಗೂ ಅದೇ ನೀರು ಬೇಕು.